ಬಿದ್ದಿತ್ತಾ ಅಂತ ಕೇಳಿದರು

ಫೆಬ್ರವರಿ 3, ಸೋಮವಾರ. ಬೆಳಗ್ಗೆ

ಎಂದಿನಂತೆ ವಾಕಿಂಗ್. ಮೊಣಕಾಲು ಪರವಾಗಿಲ್ಲ. ವಾಪಸ್ ಬರೋಷ್ಟರಲ್ಲಿ ಇವಳು ಆಗಲೇ ಸಣ್ಣ ರೂಮಿನಲ್ಲಿ, ಬಾಗಿಲಿಗೆ ಹಳೇ ರಜಾಯಿ ಇಳಿಬಿಟ್ಟುಕೊಂಡು. ಅಂದ್ರೆ ರೆಕಾರ್ಡಿಂಗ್ ನಡೀತಿದೆ. ನಲ್ಲಿ ತಿರುಗಿಸೋ ಹಾಗಿಲ್ಲ, ಕುಕ್ಕರ್ ಇಡೋ ಹಾಗಿಲ್ಲ, ಕೆಮ್ಮೋ ಹಾಗಿಲ್ಲ. ಹೊಟ್ಟೆಪಾಡಿಗೆ ಪಂಪ್‌ಹೌಸಿನ ಗದ್ದಲದಲ್ಲಿ ಕಿವಿ ಸವೆಸಿದವನಿಗೆ ರಿಟೈರ್ ಆದ ಮೇಲೆ ಈ ಶಿಕ್ಷೆ.

ಇತಿಹಾಸದ ಪುಸ್ತಕ, ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡೋದು. ಕಣ್ಣು ಕಾಣದ ಒಬ್ಬ ಹುಡುಗಿ, ಟೀಚರ್ ಪರೀಕ್ಷೆಗೆ ಕಟ್ಟಿದ್ದಾಳೆ, ಅವಳಿಗೋಸ್ಕರ. ಕೇಳಿದ್ದನ್ನ ಹಾಗ್ಹಾಗೇ ಒಪ್ಪಿಸ್ತಾಳೆ ಅಂತ ಇವಳು ಇಟ್ಟಿರೋ ಹೆಸರು ಗಿಣಿ. ಹದಿನಾಲ್ಕು ಪಾಠ ಮುಗಿದಿದೆ, ಎರಡು ಬಾಕಿ. ಎಲ್ಲಾ ಆ ಹಳೇ ಕಂಪ್ಯೂಟರಿನಲ್ಲೇ. ಹೊಸದು ತಗೊಳ್ಳೋಣ ಅಂದ್ರೆ ಬೇಡ. "ಇದಕ್ಕೂ ನನಗೂ ಹೊಂದಿಕೆಯಾಗಿದೆ ಕಣ್ರೀ. ನಿಮ್ಮ ಜೊತೆ ಆದ ಹಾಗೆ, ನಿಧಾನಕ್ಕೆ."

ಅದೇ ದಿನ, ಮಧ್ಯಾಹ್ನ

ಆಗಬಾರದ್ದು ಆಯ್ತು.

ಇವಳು ಮಾರ್ಕೆಟ್‌ಗೆ ಹೋಗಿದ್ಲು. ಮೇಜಿನ ಹಿಂದೆ ಧೂಳು ಕೂತಿತ್ತು, ಒರೆಸೋಣ ಅಂತ ಸಿಪಿಯು ಡಬ್ಬ ಎಳೆದೆ. ಸ್ಕ್ರೀನ್ ಕಪ್ಪಗಿತ್ತು, ಆಫ್ ಅಂದ್ಕೊಂಡೆ. ಆನ್ ಇತ್ತು. ವೈರು ಕಾಲಿಗೆ ತೊಡರಿ ಡಬ್ಬ ಮೇಜಿನಿಂದ ಸೀದಾ ನೆಲಕ್ಕೆ. ದಡ್ ಅಂತ. ಒಳಗಿಂದ ಸಣ್ಣಗೆ ಟಿಕ್... ಟಿಕ್... ಆಮೇಲೆ ಸುಮ್ಮನಾಯ್ತು.

ಎತ್ತಿ ಇದ್ದ ಜಾಗದಲ್ಲೇ ಇಟ್ಟೆ. ಧೂಳು ಒರೆಸಿದೆ. ಕೈ ತೊಳೆದುಕೊಂಡೆ. ಯಾರೋ ನೋಡ್ತಿದ್ದಾರೇನೋ ಅನ್ನೋ ಹಾಗೆ.

ಸಂಜೆ

ಇವಳು ಆನ್ ಮಾಡಿದ್ಲು. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ, ಡಿಸ್ಕ್ ಬೂಟ್ ಫೇಲ್ಯೂರ್. ಮತ್ತೆ ಮಾಡಿದ್ಲು. ಅದೇ.

ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ್ಲು. "ಬೆಳಗ್ಗೆ ಶಟ್‌ಡೌನ್ ಮಾಡದೇ ಹಾಗೇ ಎದ್ದು ಹೋಗಿಬಿಟ್ಟೆ. ಅದಕ್ಕೇ ಹೀಗಾಯ್ತೇನ್ರೀ?"

ಹೇಳೋಕೆ ಬಾಯಿ ತೆರೆದೆ. ಬಂದಿದ್ದು ಬೇರೆ ಮಾತು. "ಇರಬಹುದು."

ಫೆಬ್ರವರಿ 4, ಮಂಗಳವಾರ

ನಾನೇ ಸರಿಮಾಡಿಬಿಟ್ರೆ ಹೇಳೋ ಪ್ರಸಂಗವೇ ಬರಲ್ಲ. ಎಂಥೆಂಥಾ ಪಂಪು ಬಿಚ್ಚಿ ಕಟ್ಟಿದ ಕೈ, ಇದೆಷ್ಟರ ಡಬ್ಬ.

ಪಕ್ಕದ ಮುಚ್ಚಳ ತೆಗೆದೆ. ಹಾರ್ಡ್ ಡಿಸ್ಕ್‌ನ ಕೇಬಲ್ ಕಿತ್ತು ಒರೆಸಿ ಹಾಕಿದೆ. ಇಲ್ಲ. ಸೀಡಿ ಡ್ರೈವಿನ ಕೇಬಲ್ ಬಿಚ್ಚಿ ಇದಕ್ಕೆ ಹಾಕಿದೆ. ಇಲ್ಲ. ಸೆಟ್ಟಿಂಗ್ ಪುಟದಲ್ಲಿ ನೋಡಿದ್ರೆ ಡಿಸ್ಕ್ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನಲ್ಲಿ 'ನನ್'. ಇಂಥ ಡಿಸ್ಕೇ ಇಲ್ಲ ಅಂತ.

ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು ತುದೀನ ಡಿಸ್ಕ್‌ಗೆ ಮುಟ್ಟಿಸಿದೆ. ಪಂಪಿನ ಬೇರಿಂಗ್ ಹೋಗಿದ್ಯಾ ಅಂತ ಹೀಗೇ ಕೇಳ್ತಿದ್ವಿ. ತಿರುಗತ್ತೆ. ಟಿಕ್, ಟಿಕ್, ಟಿಕ್. ನಿಲ್ಲತ್ತೆ. ಬೇರಿಂಗಲ್ಲ. ಒಳಗೆ ಏನೋ ಹುಡುಕುತ್ತೆ, ಸಿಗಲ್ಲ.

ಇವಳು ಕಾಫಿ ತಂದು ಪಕ್ಕದಲ್ಲಿಟ್ಲು. "ಪಾಪ, ನನ್ನ ತಪ್ಪಿಗೆ ನೀವು ಒದ್ದಾಡ್ತಿದ್ದೀರ."

ತಲೆ ಎತ್ತದೆ ಇನ್ನೊಂದು ಸ್ಕ್ರೂ ಬಿಚ್ಚಿದೆ.

ಫೆಬ್ರವರಿ 5

ಗಿಣಿ ಫೋನ್ ಮಾಡಿದ್ಲು. ಸ್ಪೀಕರಿನಲ್ಲಿತ್ತು, ಎಲ್ಲಾ ಕೇಳಿಸ್ತು.

"ಆಂಟಿ, ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಕೊಡ್ತೀನಿ ಅಂದಿದ್ರಲ್ಲ, ಆದಷ್ಟು ಕೊಡ್ತೀರಾ? ಪರೀಕ್ಷೆ ಡೇಟ್ ಬಂತು. ಮಾರ್ಚ್ ಕೊನೇಲಿ."

ಇವಳು ಹೇಳಿದ್ಲು. ಕಂಪ್ಯೂಟರ್ ಕೆಟ್ಟಿದ್ದು, ತಾನು ಶಟ್‌ಡೌನ್ ಮಾಡದೇ ಇದ್ದಿದ್ದು, ಕಾಪಿ ಇಟ್ಕೊಳ್ಳದೇ ಇದ್ದಿದ್ದು. "ನಂದೇ ತಪ್ಪು ಕಣಮ್ಮಾ. ಒಂದೊಂದೇ ಕೊಟ್ಟಿದ್ರೆ ಉಳೀತಿತ್ತು. ಕ್ಷಮಿಸಿಬಿಡು."

ಬಿಕ್ಕಿದ್ಲು. ಆ ಕಡೆಯಿಂದ, "ಅಳಬೇಡಿ ಆಂಟಿ."

ಎದ್ದು ಹೊರಗೆ ಹೋದೆ. ಗೇಟಿನ ಕೀಲಿಗೆ ಎಣ್ಣೆ ಬಿಟ್ಟೆ. ಅದು ಕಿರುಗುಟ್ಟುತ್ತಲೂ ಇರಲಿಲ್ಲ.

ಫೆಬ್ರವರಿ 7, ಶುಕ್ರವಾರ

ಪಕ್ಕದ ಮನೆ ಮೇಷ್ಟ್ರ ಲ್ಯಾಪ್‌ಟಾಪ್ ಇಸ್ಕೊಂಡು ಬಂದೆ, ಡಿಸ್ಕ್ ಹೊರಗಿಂದ ಜೋಡಿಸೋ ವೈರೂ ಅವರದ್ದೇ. ರಾತ್ರಿ, ಇವಳಿಗೆ ನಿದ್ದೆ. ವೈರು ಚುಚ್ಚಿದೆ. ಟಿಕ್ ಟಿಕ್... ಮತ್ತೆ ಚುಚ್ಚಿದೆ. ಎಷ್ಟನೇ ಸಲಕ್ಕೋ ಗೊತ್ತಿಲ್ಲ, ಡಿಸ್ಕ್ ಕಾಣಿಸ್ತು! ಪಾಠ ಒಂದು, ಪಾಠ ಎರಡು... ಹದಿನಾಲ್ಕೂ ಸಾಲಾಗಿ. ಮೊದಲನೇದು ಕಾಪಿಗೆ ಹಾಕಿದೆ. ಅರ್ಧಕ್ಕೆ ನಿಂತು ಎಲ್ಲಾ ಮಾಯ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಫ್ರಿಜ್‌ನಲ್ಲಿಟ್ರೆ ಸ್ವಲ್ಪ ಹೊತ್ತು ಓಡತ್ತೆ ಅಂತ ಒಂದು ವಿಡಿಯೋದಲ್ಲಿ ಯಾರೋ ಹೇಳಿದ್ದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಐಸ್ ಟ್ರೇ ಪಕ್ಕ ಇಟ್ಟೆ. ತೆಗೆದು ಚುಚ್ಚಿದಾಗ ಟಿಕ್ ಅನ್ನಲಿಲ್ಲ. ಕರಕರ ಅಂತು. ತಟ್ಟೆ ಮೇಲೆ ಚಮಚ ಉಜ್ಜಿದ ಹಾಗೆ.

ಕಿತ್ತೆ. ಬೀಳಿಸಿದ್ದು ಕೈತಪ್ಪು. ಇದು ಕೈತಪ್ಪಲ್ಲ.

ಫೆಬ್ರವರಿ 8, ಶನಿವಾರ

ಇವಳೇ ವಿಚಾರಿಸಿ ಪತ್ತೆ ಮಾಡಿದ್ಲು, ಸತ್ತ ಡಿಸ್ಕ್‌ನಿಂದ ಫೈಲು ತೆಗೆಯೋ ಅಂಗಡಿ. ಮಹಡಿ ಮೇಲೆ ಒಂದೇ ರೂಮು. ನಡೆಸೋಳು ನಲವತ್ತರ ಆಸುಪಾಸಿನ ಹೆಂಗಸು, ಗತ್ತೂ ಇಲ್ಲ, ನಗೂ ಇಲ್ಲ.

ಕೇಳಿದ್ದು ಒಂದೇ ಪ್ರಶ್ನೆ. "ಬಿದ್ದಿತ್ತಾ?"

ನಾನು ಉತ್ತರ ಹುಡುಕೋ ಮೊದಲೇ ಇವಳು, "ಅಯ್ಯೋ ಇಲ್ಲಮ್ಮ. ಇದ್ದ ಜಾಗದಿಂದ ಕದಲಿಸೇ ಇಲ್ಲ. ನಮ್ಮನೆಯವರಂತೂ ಅದರ ಹತ್ತಿರಾನೂ ಸುಳಿಯಲ್ಲ, ಕೆಟ್ಟ ಮೇಲೇ ಮುಟ್ಟಿದ್ದು."

"ಒಳ್ಳೇದಾಯ್ತು. ಹಾಗಾದ್ರೆ ಮೇಲಿನ ಬೋರ್ಡ್ ಬದಲಿಸಿ ಕರೆಂಟ್ ಕೊಟ್ಟು ನೋಡ್ತೀನಿ. ಬಿದ್ದಿದ್ರೆ ಕರೆಂಟೇ ಕೊಡಬಾರದು. ಓದೋ ಮುಳ್ಳು ಒಳಗಿನ ತಟ್ಟೇನ ಗೀರಿಹಾಕತ್ತೆ, ಗೀರಿದ್ದು ಹೋದ ಹಾಗೆ. ಸೋಮವಾರ ಬೆಳಗ್ಗೆ ಕೈಗೆ ತಗೋತೀನಿ."

ಗೊತ್ತಾಯ್ತು. ಎಲ್ಲಾ ಅರ್ಥ ಆಯ್ತು. ಆದ್ರೂ ಮೆಟ್ಟಿಲು ಇಳಿದು ಬಂದೆ. ದಾರೀಲಿ ಇವಳು ನನ್ನ ತೋಳು ಹಿಡ್ಕೊಂಡು, "ಈಗ ಧೈರ್ಯ ಬಂತು ನೋಡಿ."

ಫೆಬ್ರವರಿ 9

ಬರೆಯೋಕೆ ಏನಿಲ್ಲ. ಊಟ ಸೇರಲಿಲ್ಲ. ಜ್ವರ ಇದ್ಯಾ ಅಂತ ಹಣೆ ಮುಟ್ಟಿ ನೋಡಿದ್ಲು.

ಫೆಬ್ರವರಿ 10, ಸೋಮವಾರ

ವಾಕಿಂಗ್ ಅಂತ ಹೇಳಿ ಹೊರಟೆ. ಬಸ್ಸು ಕೈಕೊಡ್ತು. ಈ ಮೊಣಕಾಲಿಟ್ಕೊಂಡು ಓಡಿದೆ ಅಂದ್ರೆ ಯಾರೂ ನಂಬಲ್ಲ. ಅಂಗಡಿ ತೆರೆದಿತ್ತು. ಡಿಸ್ಕ್ ಮೇಜಿನ ಮೇಲೆ, ವೈರು ಆಕೆಯ ಕೈಲಿ.

"ಕೊಡಬೇಡಿ! ಕರೆಂಟ್ ಕೊಡಬೇಡಿ. ಬಿದ್ದಿತ್ತು. ನಾನೇ ಬೀಳಿಸಿದ್ದು."

ವೈರು ಕೆಳಗಿಟ್ಟಳು. ಸ್ಟೂಲ್ ತೋರಿಸಿದಳು. ಎಲ್ಲಾ ಹೇಳಿದೆ. ಎಷ್ಟೋ ಸಲ ಚುಚ್ಚಿದ್ದು, ಫ್ರಿಜ್ಜು, ಕರಕರ ಸದ್ದು. ಬಯ್ಯಲಿಲ್ಲ. ಫ್ರಿಜ್ ಅಂದಾಗ ಮಾತ್ರ ಕಣ್ಣು ಮುಚ್ಚಿಕೊಂಡಳು.

"ಬಿಚ್ಚಬೇಕು. ಎಷ್ಟು ಉಳಿದಿದೆಯೋ ನೋಡಬೇಕು. ಮಾತು ಕೊಡಲ್ಲ."

ಮನೆಗೆ ಬಂದೆ. ಅಂಗಡಿಯಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಮನೆ ಹೊಸ್ತಿಲು ದಾಟಲಿಲ್ಲ. ನಾಳೆ ಹೇಳ್ತೀನಿ.

ಫೆಬ್ರವರಿ 11

ನಾಳೆ.

ಫೆಬ್ರವರಿ 13, ಗುರುವಾರ. ಬೆಳಗ್ಗೆ

ತರಕಾರಿ ಹೆಚ್ಚುತ್ತಿದ್ದೆ. ಒಳಗೆ ಇವಳ ಫೋನ್ ಬಂತು. "ಹೌದಾ... ಹೌದಾ ಮೇಡಂ..." ಅಂತ ಕೇಳಿಸ್ತು. ಆಮೇಲೆ ಬರೀ ಹ್ಞೂಂ.

ಅಡುಗೆಮನೆಗೆ ಬಂದ್ಲು. ಗೋಡೆಗೆ ಒರಗಿ ನಿಂತ್ಲು.

"ಅಂಗಡಿಯವರು ನಿಮ್ಮನ್ನ ಹೊಗಳಿದ್ರು."

ಚಾಕು ಅಲ್ಲೇ ನಿಂತೋಯ್ತು.

"ಒಂಬತ್ತು ಪಾಠ ಉಳಿದಿದೆಯಂತೆ. ನಿಮ್ಮ ಯಜಮಾನ್ರು ಓಡಿ ಬಂದು ನಿಜ ಹೇಳಿದ್ದಕ್ಕೆ ಅಷ್ಟಾದ್ರೂ ಸಿಕ್ತು, ಎಲ್ಲರೂ ಹಾಗೆ ಹೇಳಲ್ಲ, ಒಳ್ಳೆಯವರು ಅಂದ್ರು. ನಾನೂ ಹೌದು ಅಂದೆ. ಇನ್ನೇನು ಅನ್ನಲಿ?"

"ಹೇಳಬೇಕು ಅಂತಾನೇ..."

"ಆ ಮಗು ಹತ್ರ ಅತ್ತೆನಲ್ರೀ ನಾನು. ನೀವು ಅಲ್ಲೇ ಕೂತು ಕೇಳ್ತಿದ್ರಿ."

ಕೂಗಾಡಲಿಲ್ಲ. ಕೂಗಾಡಿದ್ರೆ ಚೆನ್ನಾಗಿರ್ತಿತ್ತು. ಹೆಚ್ಚಿದ ತರಕಾರಿ ಎತ್ಕೊಂಡು ಒಲೆ ಹತ್ತಿಸಿದ್ಲು.

ಫೆಬ್ರವರಿ 16

ಮಾತಿಲ್ಲ. ಊಟಕ್ಕೆ ಕರೆಯೋದು ತಟ್ಟೆ ಸದ್ದು ಮಾಡಿ.

ಇವತ್ತು ಫೋನ್ ತಂದು ನನ್ನ ಮುಂದೆ ಇಟ್ಲು. "ನಾನು ಗಿಣಿಗೆ ಸುಳ್ಳು ಹೇಳಿದ ಹಾಗಾಗಿದೆ. ನೀವು ತಿದ್ದಿ."

ಹೇಳಿದೆ. ನಾನಮ್ಮಾ ಬೀಳಿಸಿದ್ದು, ಆಂಟಿ ಅಲ್ಲ. ಗೊತ್ತಿದ್ದೂ ಸುಮ್ಮನಿದ್ದೆ.

ಗಿಣಿ ಪರವಾಗಿಲ್ಲ ಅಂಕಲ್ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. "ಹೋದ ಐದು ಪಾಠ ಯಾವ್ಯಾವ್ದು?" ಅಂದ್ಲು. ಹೇಳಿದೆ. "ಅದರಲ್ಲೇ ಪ್ರಶ್ನೆ ಜಾಸ್ತಿ ಬರೋದು," ಅಂದು ಫೋನ್ ಇಟ್ಲು.

ಫೆಬ್ರವರಿ 25

ಇವಳು ಬೆಳಗ್ಗೆ, ಮಧ್ಯಾಹ್ನ ಎರಡು ಹೊತ್ತೂ ಓದ್ತಿದ್ದಾಳೆ, ಮೊಬೈಲಿನಲ್ಲೇ ರೆಕಾರ್ಡ್. ಮುಗಿದಿದ್ದು ಆಗಿಂದಾಗ್ಗೆ ಗಿಣಿಗೆ. ಎರಡು ಪಾಠಕ್ಕೇ ಗಂಟಲು ಕಟ್ಟಿಹೋಯ್ತು. ಡಾಕ್ಟರು ಒಂದು ವಾರ ಮಾತಾಡಬೇಡಿ ಅಂದಿದ್ದಾರೆ.

ಮನೆ ಸುಮ್ಮನಿರೋಕೆ ಈಗ ಡಾಕ್ಟರ ಮಾತೇ ಕಾರಣ. ಅದಕ್ಕೂ ನನಗೆ ಒಳಗೊಳಗೇ ನೆಮ್ಮದಿ ಆಯ್ತಲ್ಲ. ಎಂಥ ಮನುಷ್ಯ ನಾನು.

ಫೆಬ್ರವರಿ 26

ಕೇಳದೆಯೇ ರೂಮಿಗೆ ಹೋಗಿ ಪುಸ್ತಕ ತೆರೆದು ಕೂತೆ. ರಜಾಯಿ ಇಳಿಬಿಟ್ಟೆ. ಪಂಪ್‌ಹೌಸಿನವನ ಗಂಟಲು, ಮೊದಲ ಸಾಲೇ ಮೈಲಾಚೆ ಕೇಳೋ ಹಾಗೆ ಬಂತು. ಇವಳು ಬಂದು ಕೇಳಿಸ್ಕೊಂಡ್ಲು. ತಲೆ ಅಲ್ಲಾಡಿಸಿ ಬಟನ್ ಒತ್ತಿ ಅಳಿಸಿಬಿಟ್ಲು. ಹೊರಗೆ ಹೋಗ್ತಾಳೆ ಅಂದ್ಕೊಂಡೆ. ಹೋಗಲಿಲ್ಲ. ಎದುರಿಗೆ ಕುರ್ಚಿ ಹಾಕ್ಕೊಂಡು ಸಾಲಿನ ಕೆಳಗೆ ಬೆರಳಿಟ್ಲು. ಎಲ್ಲಿ ಬೆರಳು ನಿಲ್ಲತ್ತೋ ಅಲ್ಲಿ ನಾನು ನಿಲ್ಲಬೇಕು. ಒಂದು ಪುಟಕ್ಕೆ ಇಡೀ ಬೆಳಗ್ಗೆ ಹಿಡೀತು.

ಮಾರ್ಚ್ 6, ಗುರುವಾರ. ಬೆಳಗ್ಗೆ

ಇವಳಿಗೆ ದನಿ ವಾಪಸ್ ಬಂದಿದೆ, ಇನ್ನೂ ಸ್ವಲ್ಪ ಒಡಕು. ಈ ನಡುವೆ ಎರಡು ಹೊತ್ತೂ ಕೂತು ನಾನು ಮೂರು ಪಾಠ ಓದಿ ಗಿಣಿಗೆ ಕಳಿಸಿದೆ, ಉಳಿದಿದ್ದು ಎರಡು. ಕೆಲಸ ಇದ್ದಷ್ಟೇ ಮಾತು.

ಗಿಣಿ ಫೋನ್ ಮಾಡಿದ್ಲಂತೆ. ಆಂಟಿ ದನಿ ಮಧ್ಯೆ ಇದ್ದಕ್ಕಿದ್ದ ಹಾಗೆ ಅಂಕಲ್ ದನಿ ಬಂದ್ರೆ ಬೆಚ್ಚಿಬೀಳ್ತೀನಿ ಅಂದ್ಲಂತೆ. ಆದ್ರೆ ಅಂಕಲ್ ತಡವರಿಸ್ಕೊಂಡು ಓದ್ತಾರಲ್ಲ, ನೋಟ್ಸ್ ಮಾಡ್ಕೊಳ್ಳೋಕೆ ಟೈಮ್ ಸಿಗತ್ತೆ, ಉಳಿದಿದ್ದೂ ಅವರೇ ಓದಲಿ ಅಂದ್ಲಂತೆ. ಇವಳು ಇದನ್ನ ನನಗೆ ಹೇಳಿದ್ದು ಕಿಟಕಿ ಕಡೆ ತಿರುಗಿಕೊಂಡು. ನಗ್ತಿದ್ಲೋ ಇಲ್ವೋ, ಬಗ್ಗಿ ನೋಡೋ ಧೈರ್ಯ ಬರಲಿಲ್ಲ.

ರೂಮಿನಿಂದ ಕುರ್ಚಿ ಎಳೆದ ಸದ್ದು. ಎರಡನೇ ಕುರ್ಚಿ ಎಳೆದಿದ್ದೂ ಕೇಳಿಸ್ತು. ಕರೀತಿದ್ದಾಳೆ, ಹೋಗಬೇಕು, ನೀರು ಕುಡಿದು—