ಬಯಕೆಗೆ ಮಾಡಿದ ಬಿಸ್ಕತ್ತು

ಹೆಮ್ಮಾಡಿ
18-11-2024

ಪ್ರೀತಿಯ ತಂಗಿ ಸೌಮ್ಯಶ್ರೀ,

ನೀನೂ ಹೊಟ್ಟೆಯೊಳಗಿನ ಕೂಸೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಬಯಕೆ ಊಟ ಮುಗಿದು ಇಷ್ಟು ದಿನವಾದರೂ ಮಾತಾಡಲಿಲ್ಲ, ಬೇಸರಿಸಬೇಡ. ಫೋನ್ ಮಾಡಿದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕುತ್ತಾರೆ. ಎಲ್ಲರೂ ಕೇಳುತ್ತಿರುತ್ತಾರೆಂದೇ ಈ ಕಾಗದ ಬರೆಯುತ್ತಿದ್ದೇನೆ. ಐದನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟಗಿದ್ದರೆ ನಗಬೇಡ.

"ಅಮ್ಮನ್ ಬಿಸ್ಕತ್ ತಿಂಬುಕ್ ಆಸಿ ಆತ್ತ್ ಅಕ್ಕ" ಎಂದು ನೀನು ಹೇಳಿದ ದಿನವೇ ಜೋನಿಬೆಲ್ಲ ತರಿಸಿದೆ. ಶುಂಠಿ, ಲವಂಗ, ದಾಲ್ಚಿನ್ನಿ, ಕಾಳುಮೆಣಸು ಬಿಸಿ ಮಾಡಿ ಕುಟ್ಟಿದೆ. ಅಮ್ಮ ಬೇಕರಿಯಲ್ಲಿ ಪಾತ್ರೆ ತೊಳೆಯುತ್ತಾ ಕಣ್ಣಿನಲ್ಲೇ ಕಲಿತದ್ದಲ್ಲವೇ ಅದು? ಅದೇ ದಪ್ಪ ಪಾತ್ರೆ, ತಳಕ್ಕೆ ಮರಳು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ. ಹಿಟ್ಟನ್ನು ಚಮಚದಿಂದ ತಟ್ಟೆಗೆ ಬೀಳಿಸುವಾಗ, ಬಿದ್ದ ಹಾಗೆಯೇ ಬೇಯಲಿ, ಬೆರಳಿನಿಂದ ಚಂದ ಮಾಡಬೇಡ ಎಂದು ಅಮ್ಮ ಪಕ್ಕದಲ್ಲೇ ಕೂತು ಹೇಳಿದಂತಾಯಿತು.

ಮೊದಲ ತಟ್ಟೆ ತಳ ಹಿಡಿಯಿತು. ನಿನ್ನ ಭಾವ ಪ್ರವೀಣ್ ಅದನ್ನೇ ತಿನ್ನುತ್ತಾ, "ತಂಗಿಗ್ ಚಂದದ್, ಗಂಡಂಗ್ ಸೀದದ್ದ್" ಎಂದು ಅಣಕಿಸಿದರು. ನಾನು ನಕ್ಕೆ. ಕಳೆದ ವರ್ಷ ನನ್ನ ಮಗು ಉಸಿರಿಲ್ಲದೆ ಹುಟ್ಟಿದ ಮೇಲೆ ಒಲೆಯ ಮುಂದೆ ನಕ್ಕಿದ್ದು ಅದೇ ಮೊದಲು.

ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದೆ. ಹೊರಡುವ ಮುನ್ನಾದಿನ ನಿನ್ನ ಅತ್ತೆ ಸರಸಮ್ಮ ಫೋನ್ ಮಾಡಿದರು. "ಹೆಣೆ ಸ್ವಾತಿ, ನೀ ಬಪ್ಪುದ್ ಬ್ಯಾಡ. ಕೂಸ್ ಹೋದೋರ್ ಬಯಕಿಗ್ ನಿಂತ್ರೆ ಆತಿಲ್ಲೆ. ಬೇಜಾರ್ ಮಾಡ್ಕಣ್ಬ್ಯಾಡ" ಎಂದರು. ಆಯಿತು ಎಂದೆ. ಸೀರೆಯನ್ನು ಮಡಚಿ ಮತ್ತೆ ಪೆಟ್ಟಿಗೆಗೆ ಹಾಕಿದೆ.

ಬಿಸ್ಕತ್ತಾದರೂ ತಲುಪಲಿ ಎಂದು ಡಬ್ಬಕ್ಕೆ ತುಂಬಿ ದಾರ ಸುತ್ತಿದೆ. ಅಮ್ಮ ಹಾಕುತ್ತಿದ್ದ ಗಂಟು ನಿನಗೆ ಬಂದ ಹಾಗೆ ನನ್ನ ಕೈಗೆ ಎಂದೂ ಬರಲಿಲ್ಲವಲ್ಲ, ನನ್ನ ಒರಟು ಗಂಟನ್ನೇ ಹಾಕಿದೆ. ನಿನ್ನ ಭಾವ ಬೈಕಿನಲ್ಲಿ ಬ್ರಹ್ಮಾವರದ ನಿಮ್ಮ ಮನೆಗೆ ತಂದುಕೊಟ್ಟು, ಊಟ ಮಾಡಿ, ಸಂಜೆ ಡಬ್ಬದೊಂದಿಗೆ ಮರಳಿದರು. "ಭಾರ ಇತ್ತ್ ಕಾಣ್, ಖಾಲಿ ಕೊಡ್ಲಿಲ್ಲೆ" ಎಂದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ನಿನಗೆ ನೆನಪಿದೆಯಲ್ಲ ಎಂದು ಸಂತೋಷಪಟ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾರ ಎತ್ತಬೇಡ. ಕೊಲ್ಲೂರಮ್ಮ ನಿನ್ನ ಮಡಿಲಿಗೆ ಅಳುವ ಕೂಸನ್ನೇ ಕೊಡಲಿ.

ನಿನ್ನ ಅಕ್ಕ,
ಸ್ವಾತಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಡಬ್ಬದಲ್ಲಿ ಇದ್ದದ್ದು ನನ್ನ ಬಿಸ್ಕತ್ತುಗಳೇ. ಒಂದೂ ಕಡಿಮೆಯಾಗಿರಲಿಲ್ಲ. ನಿನ್ನ ಅತ್ತೆಯೇ ಹಿಂದಕ್ಕೆ ಕಳಿಸಿದ್ದು ಅಂದುಕೊಳ್ಳೋಣವೆಂದರೆ, ದಾರಕ್ಕೆ ಅಮ್ಮನ ಗಂಟು ಬಿದ್ದಿತ್ತು, ಕುಣಿಕೆಯೊಳಗೊಂದು ಕುಣಿಕೆ. ಆ ಮನೆಯಲ್ಲಿ ಅದು ಬರುವುದು ನಿನಗೊಬ್ಬಳಿಗೆ. ಕೂಸಿಗೆ ಏನಾದರೂ ಆದೀತೆಂದು ಹೆದರಿದೆಯಾ? ಹೆದರಿದ್ದರೆ ತಪ್ಪಿಲ್ಲ. ಅವನ್ನೆಲ್ಲ ಹಿತ್ತಿಲಿಗೆ ಸುರಿಯಲು ಹೋದಾಗ ಪಕ್ಕದ ಮನೆಯ ಗಬ್ಬದ ದನ ಬೇಲಿಯ ಮೇಲಿಂದ ಕತ್ತು ಚಾಚಿ ನನ್ನ ಕೈ ಮೂಸಲು ಬಂತು. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.