ಸಾಗುವಾನಿಯಲ್ಲಿ ನಿನ್ನ ಕೆನ್ನೆ

ಅಮ್ಮಾ,

ಫೋನ್ ಮಾಡಿದರೆ ನಡುವೆಯೇ ತಡೆದು "ಅಪ್ಪನ ಬಗ್ಗೆ ಹಂಗೆಲ್ಲ ಮಾತಾಡಬಾರದು ಪುಟ್ಟಾ" ಅನ್ನುತ್ತೀಯ. ಅದಕ್ಕೇ ಈ ಕಾಗದ. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷ್, ಸಹಿಸಿಕೋ. ಭಾನುವಾರ ಅಪ್ಪ, ಧರ್ಮಪ್ಪ ದೊಡ್ಡಪ್ಪನನ್ನು ಜೊತೆ ಮಾಡಿಕೊಂಡು, ನಿನ್ನನ್ನು ವಾಪಸ್ ಕರೆದೊಯ್ಯಲು ಸೊರಬಕ್ಕೆ ಬರುತ್ತಾರೆ. ಅದಕ್ಕೆ ಮೊದಲು ಇದನ್ನು ಪೂರ್ತಿ ಓದು.

ಯುಗಾದಿಯಾದ ಮೇಲೆ ನೀನು ನರ್ಮದಾ ಚಿಕ್ಕಮ್ಮನ ಮನೆ ಸೇರಿದ್ದು ಯಾವುದೋ ಸಣ್ಣ ಮುನಿಸಿಗೆ ಅಂತ ನನಗೆ ಹೇಳಿದ್ದರು. ನಿನ್ನ ಮುಂದಿಡಲು ಒಂದು ಉಡುಗೊರೆ ಬೇಕು, ಅಮ್ಮನ ಫೋಟೋ ಮರದಲ್ಲಿ ಕೆತ್ತಿಸು ಅಂದರು ಅಪ್ಪ. ಕಾಲೇಜಿನ ಸೀನಿಯರ್ ಅಫ್ಜಲ್ ಶಿರಾಳಕೊಪ್ಪದ ತನ್ನ ಮನೆಯ ಹಿಂದೆ, ಹವ್ಯಾಸಕ್ಕೆಂದು, ಚಿಕ್ಕದೊಂದು ಸಿಎನ್‌ಸಿ ಮಷೀನ್ ಇಟ್ಟುಕೊಂಡಿದ್ದಾನೆ. ಕಂಪ್ಯೂಟರ್ ಹೇಳಿದಂತೆ ಅದು ಮರ ಕೊರೆಯುತ್ತದೆ. "ಫೋಟೋ ಹಂಗೇ ಕೊಟ್ರೆ ಮುಖ ಹೋಗಿ ಭೂತ ಬರ್ತದೆ ಮಾರಾಯ. ಬೆಳ್ಳಗಿದ್ರೆ ಉಬ್ಬು, ಕಪ್ಪಗಿದ್ರೆ ತಗ್ಗು, ಅಷ್ಟೇ ಅದಕ್ಕೆ ಗೊತ್ತಿರೋದು. ನೆರಳು, ಕಲೆ ಎಲ್ಲ ಮೊದಲೇ ಒರೆಸಬೇಕು," ಅಂದ.

ಯುಗಾದಿಯ ಫೋಟೋ ಆರಿಸಿದೆ, ಹಸಿರು ಸೀರೆಯಲ್ಲಿ ನೀನು ನಗುತ್ತಿರುವುದು. ಬಣ್ಣ ತೆಗೆದೆ. ಕಾಂಟ್ರಾಸ್ಟ್ ಏರಿಸಿದೆ. ಝೂಮ್ ಮಾಡಿ ಮೂಗು, ತುಟಿ ಸರಿಮಾಡುತ್ತ ಎಡಗೆನ್ನೆಗೆ ಬಂದೆ. ಪೌಡರಿನ ಕೆಳಗಿಂದ ನಾಲ್ಕು ಕಪ್ಪು ಪಟ್ಟಿ ಎದ್ದು ಬಂದವು. ನೆರಳೆಂದು ಒರೆಸಲು ಹೋದೆ. ನೆರಳಿಗೆ ಗೆಣ್ಣು ಇರುವುದಿಲ್ಲ ಅಮ್ಮ. ಸ್ಕ್ರೀನಿನ ಮೇಲೆ ನನ್ನ ನಾಲ್ಕು ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತವು.

ಐದನೇ ಕ್ಲಾಸಿಗೇ ನನ್ನನ್ನು ಹಾಸ್ಟೆಲಿಗೆ ಯಾಕೆ ಹಾಕಿದೆ ಅನ್ನುವುದು ಆಗ ತಿಳಿಯಿತು. ರಜೆಗೆ ಬಂದಾಗಲೆಲ್ಲ ಬಾತ್‌ರೂಮಲ್ಲಿ ಜಾರಿಬಿದ್ದೆ ಅನ್ನುತ್ತಿದ್ದೆಯಲ್ಲ, ಅದೂ. ಅಫ್ಜಲ್ ಸ್ಕ್ರೀನ್ ನೋಡಿ, ನನ್ನನ್ನು ನೋಡಿ, ಮೆಲ್ಲಗೆ "ಸ್ಮೂದ್ ಮಾಡಿಬಿಡಲಾ?" ಅಂದ. ಬೇಡ ಅಂದೆ.

ಮಷೀನ್ ಕಿರುಚಿತು. ತಿರುಗುವ ಮೊನೆ ನಿನ್ನ ಹಣೆ ದಾಟಿ ಕೆನ್ನೆಗಿಳಿದು, ಪಟ್ಟಿ ಬಂದಲ್ಲೆಲ್ಲ ಮರವನ್ನು ಬಗೆದು ಹಾಕಿತು. ಸಾಗುವಾನಿ ಸುಟ್ಟ ವಾಸನೆ. ನಿನ್ನ ಬಾಯಿ ಮಾತ್ರ ನಗುತ್ತಲೇ ಇತ್ತು.

ಶಿಕಾರಿಪುರದ ಮನೆಯಲ್ಲಿ ದೊಡ್ಡಪ್ಪನ ಎದುರೇ ಹಲಗೆಯ ಕಟ್ಟು ಬಿಚ್ಚಿದೆ. ಅಪ್ಪ ಆ ಕೆನ್ನೆಯ ಮೇಲೆ ಕೈಯಾಡಿಸಿ, "ಏನಲೇ ಇದು, ಗೀರು ಬಿದ್ದತಿ?" ಅಂದರು.

"ನಿಮ್ಮ ಕೈ, ಅಪ್ಪ."

ಹಲಗೆಯಂಚಿನಿಂದಲೇ ಹೊಡೆದರು. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಮತ್ತೆ ಬೀಸಿದಾಗ ಹಲಗೆ ಗೋಡೆಗೆ ಬಡಿದು ಎರಡು ಹೋಳಾಯಿತು. ದೊಡ್ಡಪ್ಪ ಕುರ್ಚಿ ಬಿಟ್ಟೇಳದೆ, "ಮಷೀನಿಂದು ತಪ್ಪಿರ್ತತಿ ಬಿಡಲೇ, ಪಾಲಿಶ್ ಹೊಡಸಿದ್ರೆ ಹೋಗ್ತತಿ," ಅಂದರು.

ಮುಂದಿನದನ್ನು ಬರೆಯಲು ಭಯವಾಗುತ್ತದೆ. ಒಂದು ಹೋಳು ನನ್ನ ಕೈಗೆ ಬಂದಿತ್ತು. ಅಪ್ಪನನ್ನು ಗೋಡೆಗೊತ್ತಿ ಅದನ್ನು ತಲೆಯ ಮೇಲೆ ಎತ್ತಿದೆ. ಅವರು ಕಣ್ಣು ಮುಚ್ಚಿ ಮುಖ ತಿರುಗಿಸಿದರು. ನನಗೆ ಖುಷಿಯಾಯಿತು ಅಮ್ಮ. ಆ ಖುಷಿಗೆ ಹೆದರಿ ಹೋಳು ಬಿಸಾಕಿ ಓಡಿಬಂದೆ. ಈಗ ಹಾಸ್ಟೆಲಿನಲ್ಲಿದ್ದೇನೆ, ಹುಬ್ಬಿಗೆ ಹೊಲಿಗೆ ಹಾಕಿದ್ದಾರೆ.

ಭಾನುವಾರ ಅಪ್ಪ ಅಳುತ್ತಾರೆ. ದೊಡ್ಡಪ್ಪ ಜವಾಬ್ದಾರಿ ನನ್ನದು ಅನ್ನುತ್ತಾರೆ. ಮಗನ ಮುಖ ನೋಡಿಯಾದರೂ ಬಾ ಅನ್ನುತ್ತಾರೆ. ನನ್ನ ಮುಖ ನೋಡಬೇಡ. ಬರಬೇಡ. ಆ ಮನೆಯಲ್ಲಿ ಹೊಡೆಯಬಲ್ಲವರು ಈಗ ಇಬ್ಬರಿದ್ದೇವೆ.

ಚಿಕ್ಕಮ್ಮನ ಮನೆಯಲ್ಲಿ ನಿನ್ನ ನಿದ್ದೆ ಯಾರ ಹೆಜ್ಜೆ ಸಪ್ಪಳಕ್ಕೂ ಒಡೆಯದಿರಲಿ.

ನಿನ್ನ ಮಗ,
ವೈಭವ್