ಸಾಹೇಬರ ಮೇಜಿನ ಉಂಡೆ

ಬುಧವಾರ, ಮುಷ್ಕರದ ಹದಿನಾಲ್ಕನೆಯ ದಿನ
ಕಾರ್ಖಾನೆಯ ಗೇಟಿನ ಹೊರಗಿನಿಂದ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ಗೇಟಿನ ಹೊರಗೆ ನಾನೂ ಅಮ್ಮನೂ ಕ್ಷೇಮ. ಮುಷ್ಕರ ಶುರುವಾದಾಗಿನಿಂದ ಒಳಗೇ ಉಳಿದಿರುವ ನೀನೂ ಕ್ಷೇಮವೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಕ್ಷಮಿಸು. ಮೂರು ಸಲ ಬರೆದು ಹರಿದೆ. ಮೂರರಲ್ಲೂ ಬೈಗುಳವೇ ಹೆಚ್ಚಾಗಿತ್ತು. ಇದನ್ನು ಹಾಲಿನ ಗಾಡಿಯವರು ನಿನ್ನ ಕ್ಯಾಂಟೀನಿಗೆ ತಲುಪಿಸುತ್ತಾರೆ.

ಸುದ್ದಿ ಕೇಳು. ನಿನ್ನೆ ಬೀದಿಯಲ್ಲೇ ಒಲೆ ಹೂಡಿ ನಿನ್ನ ಕೈಮಾ ಉಂಡೆ ಮಾಡಿದೆ. ಹೌದು, ದ್ರಾಕ್ಷಿ ರಸದಲ್ಲಿ ಬೇಯಿಸುವುದು. ಹದಿನೆಂಟು ವರ್ಷದಿಂದ ನೀನು ಸಾಹೇಬರ ಮೇಜಿಗೆ ಮಾತ್ರ ಕಳಿಸುವುದು. ರಸ ನಮ್ಮ ಕಾರ್ಖಾನೆ ತುಂಬಿ ಮಾರುವ ಬಾಟಲಿಯದಲ್ಲ. ಸಂತೆಯಲ್ಲಿ ಉಳಿದ ಹಣ್ಣು ತಂದು ನಾವೇ ಹಿಂಡಿದ್ದು. ಮೊದಲ ಸಲ ಉಂಡೆಗಳನ್ನು ಹುರಿಯದೆ ತಣ್ಣನೆಯ ರಸಕ್ಕೆ ಬಿಟ್ಟೆ. ಎಲ್ಲ ಬಿಚ್ಚಿಕೊಂಡು ಗಂಜಿಯಾಯಿತು. ಪೆಟ್ಟಿಗೆ ಹೊರುವ ದೊಡ್ಡಣ್ಣ ಇಣುಕಿ ನೋಡಿ, "ಏನವ್ವಾ, ನಿನ್ನ ಉಂಡೆಗೂ ಮ್ಯಾನೇಜರ್ ಆಸೆ ತೋರಿಸಿದ್ನಾ? ಇಷ್ಟು ಬೇಗ ಒಡೆದುಹೋಯ್ತಲ್ಲ!" ಅಂದರು.

ಅಮ್ಮ ಸೌಟು ಕಿತ್ತುಕೊಂಡಳು. "ಕರಪತ್ರ ಓದಿದ್ರೆ ಅಡುಗೆ ಬರಲ್ಲ ಕಣೇ. ಮೊದಲು ಎಣ್ಣೇಲಿ ಕೆಂಪಗೆ ಹುರಿ, ಆಮೇಲೆ ಕುದಿಯೋ ರಸಕ್ಕೆ ಹಾಕು. ನಿಮ್ಮಪ್ಪ ನಿದ್ದೇಲೂ ಇದನ್ನೇ ಬಡಬಡಿಸ್ತಾರೆ."

ಎರಡನೆಯ ಸಲ ಸಣ್ಣ ಉರಿಯಲ್ಲಿ ರಸ ಇಂಗಿ ಉಂಡೆಗಳ ಮೈಗೆ ಅಂಟಿಕೊಂಡಿತು. ಉಪ್ಪು, ಮೆಣಸು, ಸಿಹಿ ಒಂದೇ ತುತ್ತಿನಲ್ಲಿ. ಬಾಟಲಿ ತೊಳೆಯುವ ಹೆಂಗಸರು ಕಾಸ್ಟಿಕ್ ಸೋಡಾದ ಸುಡುನೀರಿಗೆ ಬಿರಿದ ಬೆರಳುಗಳಲ್ಲೇ ಎತ್ತಿ ತಿಂದರು. "ಇದನ್ನ ತಿಂದೂ ಸಾಹೇಬ್ರ ಮುಖ ಯಾಕೆ ಹಾಗೆ ಹುಳೀನೇ?" ಎಂದು ಒಬ್ಬಾಕೆ ಕೇಳಿದಾಗ ಬೀದಿಗೆ ಬೀದಿಯೇ ನಕ್ಕಿತು.

ಅಪ್ಪಾ, ರುಚಿಯೂ ಮೇಲಿನವರ ಸೊತ್ತೆಂಬುದನ್ನು ನಾನಿನ್ನು ಒಪ್ಪುವುದಿಲ್ಲ. ನಾವು ಕೇಳಿದ್ದು ತಲೆಗೊಂದು ಜೊತೆ ಕೈಗವಸು. ಅದಕ್ಕೆ ಅಮ್ಮನನ್ನೂ ಸೇರಿಸಿ ಒಂಬತ್ತು ಜನರನ್ನು ಕೆಲಸದಿಂದ ತೆಗೆದರು. ನಾಳೆ ನಮ್ಮ ಜಾಗಕ್ಕೆ ಬಸ್ಸಿನಲ್ಲಿ ಹೊಸಬರನ್ನು ತರುತ್ತಾರಂತೆ, ಒಳಗೇ ಮಲಗಿಸಿ ಒಳಗೇ ಉಣಿಸುತ್ತಾರಂತೆ. ಉಣಿಸುವ ಕೈ ನಿನ್ನದು. ನೀನು ಒಲೆ ಹಚ್ಚದಿದ್ದರೆ ಅವರು ಎರಡು ದಿನವೂ ನಿಲ್ಲರು. "ಅನ್ನ ಹಾಕೋನಿಗೆ ಪಕ್ಷ ಇರಬಾರದು" ಎನ್ನುತ್ತೀಯ, ಗೊತ್ತು. ಈ ಹದಿನಾಲ್ಕು ದಿನ ನಮಗೆ ಅನ್ನ ಹಾಕಿದವರು ಯಾರು? ಒಲೆ ಆರಿಸಿ ಹೊರಗೆ ಬಾ. ನೀನು ಬರದಿದ್ದರೂ ನಾವು ಕದಲುವುದಿಲ್ಲ.

ಹಿರಿಯರನ್ನು ಹರಸುವ ವಯಸ್ಸು ನನ್ನದಲ್ಲ. ಆದರೂ ಹೇಳುತ್ತೇನೆ: ಹೊಟ್ಟೆ ತಣ್ಣಗಿರಲಿ, ಬೆನ್ನು ನೆಟ್ಟಗಿರಲಿ.

ನೀನೇ ಕರೆಯುವಂತೆ,
ನಿನ್ನ ಬಾಯಿಬಡಕಿ

ತಾ.ಕ.: ಸೋಮವಾರ ಗೇಟಿನ ಬಳಿ ಮ್ಯಾನೇಜರ್ ನನ್ನತ್ತ ಬೆರಳು ತೋರಿಸಿ, "ಅವಳು ನಿನ್ನ ಮಗಳಲ್ವಾ?" ಎಂದಾಗ, "ಯಾರೋ ಗೊತ್ತಿಲ್ಲ ಸಾರ್" ಅಂದೆಯಲ್ಲ, ನನಗೆ ಕೇಳಿಸಿತು. ಅಮ್ಮನಿಗೆ ಹೇಳಿಲ್ಲ. ನಾಳೆ ಆ ಬಸ್ಸು ಬಂದಾಗ ನೀನು ಗೇಟಿನ ಯಾವ ಕಡೆ ನಿಂತಿದ್ದರೂ ಸರಿ, ಎಲ್ಲರಿಗೂ ಕೇಳುವಂತೆ ನಿನ್ನನ್ನು "ಅಪ್ಪಾ" ಎಂದೇ ಕೂಗುತ್ತೇನೆ.